ಆ ಆಂಟಿಗೆ ಹೇಗೆ ಗೊತ್ತು ಅಂತ ಕೇಳಿದ್ದೆಯಲ್ಲ

ಪುಟ್ಟಿ,

ಹೋದ ವಾರ ನಿನಗೊಂದು ಸುಳ್ಳು ಹೇಳಿದೆ. ಆ ಆಂಟಿ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ "ದಿಂಬಿನೊಳಗೆ ಬಿಸ್ಕತ್ತು ಬಚ್ಚಿಡ್ತಿದ್ದ ಹುಡುಗಿ, ಎಷ್ಟುದ್ದ ಆಗಿಬಿಟ್ಟಳು ನೋಡಿ" ಅಂದರಲ್ಲ, ಆಗ ನಿನ್ನ ಮುಖ ಸಪ್ಪಗಾಯಿತು. ಅವರು ಹೋದ ಮೇಲೆ ನೀನು "ಅವರಿಗೆ ಅದು ಹೇಗೆ ಗೊತ್ತು?" ಅಂತ ಕೇಳಿದೆ. "ಯಾರೋ ಹೇಳಿರಬೇಕು" ಅಂದುಬಿಟ್ಟೆ. ಯಾರೋ ಏನು, ನಾನೇ ಹೇಳಿದ್ದು. ಎದುರಿಗೆ ಕೂತು ಹೇಳಲು ಹೋದರೆ ನಾನು ಅಳುತ್ತೇನೆ, ನೀನು ನನ್ನನ್ನು ಸಮಾಧಾನ ಮಾಡುತ್ತಾ ಕೂರಬೇಕಾಗುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಆಂಟಿ ಅಂಕಲ್‌ಗಳೆಲ್ಲ ಯಾರು ಅಂತ ನಿನಗೆ ಯಾವತ್ತೂ ಬಿಡಿಸಿ ಹೇಳಲಿಲ್ಲ. 'ಅಪ್ಪ ಅಮ್ಮನ ಫ್ರೆಂಡ್ಸ್' ಅಂದುಕೊಂಡೇ ನೀನು ಬೆಳೆದೆ. ಅವರೆಲ್ಲ ದತ್ತು ತೆಗೆದುಕೊಂಡವರು, ಇಲ್ಲವೇ ಆಗ ನಮ್ಮ ಹಾಗೆ ಕಾಯುತ್ತಿದ್ದವರು. ಆರು ಮನೆಯವರು. ತಿಂಗಳಿಗೊಂದು ಸಲ ಯಾರದಾದರೂ ಮನೆಯಲ್ಲಿ ಸೇರುತ್ತಿದ್ದೆವು.

ಮೊದಲ ಸಲ ನಿನ್ನಪ್ಪ ನನ್ನನ್ನು ಎಳೆದುಕೊಂಡೇ ಹೋಗಬೇಕಾಯಿತು. ಆಗ ಅರ್ಜಿ ಹಾಕಿ ವರ್ಷ ದಾಟಿತ್ತು. ಸಮಾಜ ಕಾರ್ಯಕರ್ತೆ ಮನೆಗೆ ಬಂದು ನಮ್ಮ ಸಂಬಳ, ಆರೋಗ್ಯ, ಕೊನೆಗೆ ಗಂಡ ಹೆಂಡತಿ ಹೇಗೆ ಜಗಳ ಆಡುತ್ತೀರಿ ಅನ್ನೋದನ್ನೂ ಕೇಳಿ ಬರೆದುಕೊಂಡು ಹೋಗಿದ್ದರು. ಆಮೇಲೆ ಸುದ್ದಿಯೇ ಇಲ್ಲ. ಬಸುರಿಗಾದರೆ ಒಂಬತ್ತು ತಿಂಗಳು ಅಂತ ಲೆಕ್ಕ ಇರುತ್ತೆ, ಹೊಟ್ಟೆ ಕಾಣುತ್ತೆ, ಬಸ್ಸಿನಲ್ಲಿ ಎದ್ದು ಸೀಟು ಕೊಡುತ್ತಾರೆ. ನಮಗೆ ಯಾರು ಕೊಡಬೇಕು? ನೆಂಟರು "ಎಂಥಾ ಪುಣ್ಯದ ಕೆಲಸ" ಅನ್ನುತ್ತಿದ್ದರು, ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಪುಣ್ಯ ಯಾರಿಗೆ ಬೇಕಿತ್ತು ಕಣೇ, ನನಗೆ ಮಗು ಬೇಕಿತ್ತು. ಆ ಮನೆಯಲ್ಲಿ ಯಾರೂ ಪುಣ್ಯದ ಮಾತು ಎತ್ತಲಿಲ್ಲ. "ಫೋನ್ ರಿಂಗ್ ಆದಾಗೆಲ್ಲ ಎದೆ ಧಸಕ್ ಅನ್ನುತ್ತಾ?" ಅಂತ ಒಬ್ಬಾಕೆ ಕೇಳಿದಳು. ಹೂಂ ಅಂದೆ. ಅಷ್ಟೇ. ಮುಂದಿನ ತಿಂಗಳು ನಿನ್ನಪ್ಪನನ್ನು ನಾನೇ ಎಳೆದುಕೊಂಡು ಹೋದೆ.

ನಿನ್ನ ಫೋಟೊ ಮತ್ತು ವೈದ್ಯಕೀಯ ವರದಿ ಬಂದಾಗ ಅವರಿಗೂ ತೋರಿಸಿದೆ. ವಯಸ್ಸಿಗೆ ತಕ್ಕ ತೂಕ ಇಲ್ಲ, ಮಾತು ತಡ ಅಂತ ಅದರಲ್ಲಿತ್ತು. ಸಂಸ್ಥೆಯಲ್ಲಿ ಬೆಳೆದ ಮಕ್ಕಳಲ್ಲಿ ಇದು ಮಾಮೂಲು, ಹಾಗಂತ ಸುಮ್ನೆ ಕೂರಬೇಡ, ತಲೆ ಸುತ್ತಳತೆಯ ಹಳೇ ಅಳತೆಗಳನ್ನೂ ಕೇಳಿ ತರಿಸಿ ಮಕ್ಕಳ ಡಾಕ್ಟರಿಗೆ ತೋರಿಸು ಅಂದರು. ಒಳ್ಳೇ ಸಲಹೆಯೇ. ಆದರೆ ವರದಿ ತೋರಿಸಿದೆ ಅನ್ನೋದನ್ನ ನೆನಪಿಟ್ಟುಕೋ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೀನು ಬಂದಾಗ ನಿನಗೆ ಎರಡೂವರೆ ವರ್ಷ. ರಾತ್ರಿ ನೀನು ಅಳುತ್ತಲೇ ಇರಲಿಲ್ಲ. ಎಚ್ಚರ ಇರುತ್ತಿದ್ದೆ, ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುತ್ತಾ ಮಲಗಿರುತ್ತಿದ್ದೆ. ಯಾರು ಕೈ ಚಾಚಿದರೂ ಹೋಗುತ್ತಿದ್ದೆ. ಎಲ್ಲರೂ "ಎಷ್ಟು ಒಳ್ಳೇ ಮಗು!" ಅಂದರು. ನಾನೂ ಹಾಗೇ ಅಂದುಕೊಂಡು ಆ ಗುಂಪಿನಲ್ಲಿ ಹೆಮ್ಮೆಯಿಂದ ಹೇಳಿದೆ. ಯಾರೂ ನಗಲಿಲ್ಲ. ಏಳು ವರ್ಷದ ಮಗಳನ್ನು ದತ್ತು ತೆಗೆದುಕೊಂಡಿದ್ದ ಒಬ್ಬ ಅಮ್ಮ, "ಅತ್ತರೆ ಯಾರೂ ಬರಲ್ಲ ಅಂತ ಕಲಿತ ಮಗು ಅಳೋದು ಬಿಟ್ಟುಬಿಡುತ್ತೆ. ಕೆಲವು ತಿಂಗಳು ನೀವಿಬ್ಬರೇ ಉಣಿಸಿ, ನೀವಿಬ್ಬರೇ ಎತ್ತಿಕೊಳ್ಳಿ. ನೆಂಟರು ಬೇಜಾರು ಮಾಡಿಕೊಳ್ಳಲಿ. ಅವಳು ರಾತ್ರಿ ಅತ್ತ ದಿನ ನನಗೆ ಫೋನ್ ಮಾಡು" ಅಂದಳು.

ನಲವತ್ತೇಳನೇ ರಾತ್ರಿ, ಎರಡೂವರೆ ಗಂಟೆ. ಮೊದಲು ಬೆಕ್ಕಿನ ಮರಿಯ ಥರ ಒಂದು ಸಣ್ಣ ದನಿ, ಆಮೇಲೆ ಜೋರಾಗಿ, ಕಿಟಕಿ ಅದುರೋ ಹಾಗೆ. ನಿನ್ನನ್ನು ಹೆಗಲಿಗೆ ಹಾಕಿಕೊಂಡೇ ಅವಳಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೆ ಎತ್ತಿದಳು. ನಿನ್ನ ಅಳು ಕೇಳಿಸಿಕೊಂಡು "ಕೇಳ್ತಾ ಇದೆ, ಕೇಳ್ತಾ ಇದೆ" ಅಂತ ಅವಳೂ ಅತ್ತಳು. ಮೂವರೂ ಅತ್ತೆವು. ನಿನ್ನಪ್ಪ ಮಾತ್ರ ಗೊರಕೆ.

ಗುಂಪಿನಲ್ಲಿ ಎಲ್ಲರೂ ಹಾಗೇ ಇದ್ದರು ಅಂತೇನಲ್ಲ. ಜೆರಾಕ್ಸ್ ಅಂಕಲ್ ನೆನಪಿದ್ದಾರಾ? ಎಲ್ಲಿ ಏನು ಓದಿದರೂ ಆರು ಪ್ರತಿ ತರುತ್ತಿದ್ದರು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ಹೊತ್ತಿಗೆ ಶುರುವಾದ ಒಂದು ಅಧ್ಯಯನ ಅವರ ಅಚ್ಚುಮೆಚ್ಚು. ಸಂಸ್ಥೆಗಳಲ್ಲಿದ್ದ 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಸಾಕು ಕುಟುಂಬಗಳಿಗೆ ಕಳಿಸಿ ನೋಡಿದ್ದು. ಮನೆ ಸಿಕ್ಕ ಮಕ್ಕಳು ಚೇತರಿಸಿಕೊಂಡರು, ಎರಡು ವರ್ಷದೊಳಗೆ ಸಿಕ್ಕವರು ಸಾಕಿದವರನ್ನು ಇನ್ನೂ ಚೆನ್ನಾಗಿ ಹಚ್ಚಿಕೊಂಡರು. ನಿನಗೆ ಎರಡು ದಾಟಿತ್ತಲ್ಲ! ಆರು ತಿಂಗಳು ತಡವಾಯಿತು ಅಂತ ನಾನು ಒಂದು ವಾರ ನಿದ್ದೆಗೆಟ್ಟೆ. ಕೊನೆಗೆ ಆ ಏಳು ವರ್ಷದ ಮಗಳ ಅಮ್ಮನೇ "ಅದು ಅಷ್ಟೂ ಮಕ್ಕಳ ಸರಾಸರಿ ಕಣೇ, ನಿನ್ನ ಮಗಳ ಜಾತಕ ಅಲ್ಲ" ಅಂತ ಬೈದು ಆ ಹಾಳೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು.

ಇನ್ನೊಂದು ವಿಷಯ ಇದೆ. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನೀನು ಬಂದು ಮೂರು ತಿಂಗಳಾದರೂ ನನ್ನೊಳಗೆ ಆ ಪ್ರೀತಿ ಅನ್ನೋದು ಹುಟ್ಟಿರಲಿಲ್ಲ. ಸ್ನಾನ, ಊಟ, ನಿದ್ದೆ ಎಲ್ಲ ಮಾಡಿಸುತ್ತಿದ್ದೆ, ಯಾರದೋ ಮಗುವನ್ನು ನೋಡಿಕೊಳ್ಳುವ ಹಾಗೆ, ಹುಷಾರಾಗಿ. ಅಷ್ಟು ವರ್ಷ ಕಾದು, ಬೇಡಿ ತಂದ ಮೇಲೆ ಇದನ್ನು ಯಾರ ಹತ್ತಿರ ಹೇಳಲಿ? ಅಜ್ಜಿಗೆ ಹೇಳಿದರೆ "ಮೊದಲೇ ಹೇಳಿದ್ದೆ" ಅನ್ನುತ್ತಿದ್ದರು. ಅಲ್ಲಿ ಹೇಳಿದೆ. ಸಿಂಕಿನ ಹತ್ತಿರ ಲೋಟ ತೊಳೆಯುತ್ತಿದ್ದ ಒಬ್ಬ ಅಪ್ಪ, ತಿರುಗಿ ಕೂಡ ನೋಡದೆ, "ನನಗೆ ಎಂಟು ತಿಂಗಳು ಬೇಕಾಯ್ತು" ಅಂದರು. ಇನ್ನೊಬ್ಬಳು, ಹೆತ್ತವರಿಗೆ ಆಗೋ ಹಾಗೆ ದತ್ತು ಪಡೆದವರಿಗೂ ಖಿನ್ನತೆ ಬರುತ್ತೆ, ಡಾಕ್ಟರ ಹತ್ತಿರ ಹೋಗು ಅಂದಳು. ಹೋದೆ. ಯಾವ ದಿನ ಸರಿಹೋಯಿತು ಗೊತ್ತಿಲ್ಲ. ಒಂದು ದಿನ ನಿನಗೆ ಜ್ವರ ಬಂತು, ಥರ್ಮಾಮೀಟರ್ ಹಿಡಿದ ನನ್ನ ಕೈ ಗಡಗಡ ನಡುಗುತ್ತಿತ್ತು. ಆಗ ಗೊತ್ತಾಯಿತು.

ನೀನು ಇದನ್ನು ಓದಿ ಸಿಟ್ಟು ಮಾಡಿಕೊಂಡರೆ ಮಾಡಿಕೋ.

ಈಗ ಬಿಸ್ಕತ್ತು. ದಿಂಬಿನ ಕವರಿನ ಮೇಲೆ ಇರುವೆ ಸಾಲು ಕಂಡು ಬಿಚ್ಚಿ ನೋಡಿದರೆ ಹನ್ನೊಂದು ತುಂಡು. ಹೆದರಿ ಗುಂಪಿನವರನ್ನು ಕೇಳಿದೆ. ಬೈಯಬೇಡ, ಕಸಿಯಬೇಡ, ಮಂಚದ ಪಕ್ಕ ಅವಳದೇ ಒಂದು ಡಬ್ಬಿ ಇಡು, ಅದು ಖಾಲಿಯಾಗದ ಹಾಗೆ ನೋಡಿಕೋ ಅಂದರು. ಹಾಗೇ ಮಾಡಿದೆ. ಬಿಸ್ಕತ್ತು ಬಚ್ಚಿಡೋದು ನಿಂತಿತು. ಅಷ್ಟರಮಟ್ಟಿಗೆ ಅವರಿಗೆ ಹೇಳಿದ್ದು ಸರಿ. ಆದರೆ ಸಮಸ್ಯೆ ಮುಗಿದ ಮೇಲೂ ಅದನ್ನೊಂದು ತಮಾಷೆ ಕಥೆ ಮಾಡಿಕೊಂಡು ಹೊಸಬರು ಬಂದಾಗೆಲ್ಲ ಹೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ನನಗೆ ಖುಷಿ.

ನಿನಗೆ ಐದು ವರ್ಷ ಇದ್ದಾಗ ಒಬ್ಬಳು ಬಂದಿದ್ದಳು, ಮೂವತ್ತರ ಆಸುಪಾಸು. ಅವಳೇ ದತ್ತು ಮಗಳು. ನನ್ನ ಕಥೆಗೆ ಅವಳೊಬ್ಬಳೇ ನಗಲಿಲ್ಲ. ಆಮೇಲೆ ಅಡುಗೆಮನೆಗೆ ಬಂದು ಮೆಲ್ಲಗೆ "ಇದನ್ನ ಹೇಳಬಹುದಾ ಅಂತ ಅವಳನ್ನ ಕೇಳಿದ್ರಾ?" ಅಂದಳು. "ಐದು ವರ್ಷದ ಮಗೂನ ಏನಂತ ಕೇಳೋದು?" ಅಂದೆ. "ಹಾಗಾದ್ರೆ ಕೇಳೋಕೆ ಆಗೋವರೆಗೆ ಇಟ್ಕೊಳ್ಳಿ" ಅಂದಳು. ಸಿಟ್ಟಿನಲ್ಲಿ ದಾರಿಯುದ್ದಕ್ಕೂ ನಿನ್ನಪ್ಪನ ಜೊತೆ ಮಾತೇ ಆಡಲಿಲ್ಲ. ಅವಳು ಹೇಳಿದ್ದು ಸರಿ ಅಂತ ಒಪ್ಪಲು ನನಗೆ ತಿಂಗಳು ಹಿಡಿಯಿತು. ನನ್ನ ನಿದ್ದೆ, ನನ್ನ ಸಿಟ್ಟು, ನನ್ನ ಭಯ ನಾನು ಹೇಳಿಕೊಳ್ಳಬಹುದು. ನಿನ್ನ ಹಿಂದಿನದು ನಿನ್ನದು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಪ್ಪಂದದ 7ನೇ ವಿಧಿಯಲ್ಲಿ, ಸಾಧ್ಯವಾದ ಮಟ್ಟಿಗೆ ತನ್ನ ತಂದೆತಾಯಿಯನ್ನು ತಿಳಿಯೋದು ಮಗುವಿನ ಹಕ್ಕು ಅಂತ ಇದೆ. ಅದರ ಪ್ರತಿ ತಂದವರು ಯಾರು ಅಂತ ಹೇಳಬೇಕಿಲ್ಲ ಅಲ್ವಾ? ಆ ಹಾಳೆ ಮಾತ್ರ ಇನ್ನೂ ಇಟ್ಟುಕೊಂಡಿದ್ದೇನೆ.

ಅವರಿಗೆ ಏನೇನು ಗೊತ್ತು ಅಂತ ಹೇಳಿಬಿಡುತ್ತೇನೆ. ಬಿಸ್ಕತ್ತು, ಎಲ್ಲರಿಗೂ. ವೈದ್ಯಕೀಯ ವರದಿ, ಆಗಿದ್ದ ಆರೂ ಮನೆಯವರಿಗೆ. ಫೈಲಿನ ಮೊದಲ ಪುಟದಲ್ಲಿರೋದು, ನಿನ್ನನ್ನು ಹೆತ್ತವಳ ಬಗ್ಗೆ ಇರೋದು, ಆ ಏಳು ವರ್ಷದ ಮಗಳ ಅಮ್ಮನಿಗೆ ಮಾತ್ರ. ಅದನ್ನು ಹೇಳಬಾರದಿತ್ತು. ತಪ್ಪಾಯಿತು.

ಎಂಟು ವರ್ಷದವಳಿದ್ದಾಗ ಸ್ನಾನದ ಮನೆಯಲ್ಲಿ, ತಲೆ ತುಂಬ ಶಾಂಪೂ ನೊರೆ ಇಟ್ಟುಕೊಂಡು, "ನೀವು ನನ್ನ ಕರ್ಕೊಂಡು ಬಂದ್ರಿ ಅಂದ್ರೆ, ಮೊದಲು ಯಾರೋ ಬಿಟ್ಟಿದ್ರು ಅಲ್ವಾ?" ಅಂತ ಕೇಳಿದ್ದು ನೆನಪಿದೆಯಾ? ಸಣ್ಣವಳಿದ್ದಾಗ ದತ್ತು ಕಥೆಯನ್ನು ಹಾಡಿನ ಥರ ಹೇಳುತ್ತಿದ್ದವಳು ನೀನು. ಏಳೆಂಟು ವರ್ಷಕ್ಕೆ ಮಕ್ಕಳಿಗೆ ಅದರ ಇನ್ನೊಂದು ಮಗ್ಗುಲು ಹೊಳೆಯುತ್ತೆ, ತಯಾರಾಗಿರು ಅಂತ ಅವರು ಮೊದಲೇ ಹೇಳಿದ್ದರು. ಅದಕ್ಕೇ ಮಗ್ ಕೆಳಗಿಟ್ಟು "ಹೌದು" ಅನ್ನಲು ನನಗಾಯಿತು.

ಈ ಭಾನುವಾರ ನಮ್ಮ ಮನೆಯ ಸರದಿ. ಬಿಸ್ಕತ್ತಿನ ಆಂಟಿಗೆ ಫೋನ್ ಮಾಡಿ ಇನ್ನು ಆ ಮಾತು ಎತ್ತಬೇಡಿ ಅಂದಿದ್ದೇನೆ, ಪಾಪ, ಅವರಿಗೂ ಬೇಜಾರಾಯಿತು. ನೀನು ಹೊರಗೆ ಬರದಿದ್ದರೂ ಪರವಾಗಿಲ್ಲ, ಓದ್ತಾ ಇದ್ದಾಳೆ ಅಂತ ಹೇಳುತ್ತೇನೆ. ಆದರೆ ಏಳು ವರ್ಷಕ್ಕೆ ಬಂದಳು ಅಂದೆನಲ್ಲ, ಆ ಹುಡುಗಿ, ಈಗ ಅವಳಿಗೆ ಹತ್ತೊಂಬತ್ತು, ನೀನು ಸಿಗುತ್ತೀಯಾ ಅಂತ ಕೇಳಿದ್ದಾಳೆ. ಅಪ್ಪ ಅಮ್ಮಂದಿರು ಇಲ್ಲದ ಕಡೆ ಅಂತ ಒತ್ತಿ ಹೇಳಿದ್ದಾಳೆ. ಟೆರೇಸಿನ ಮೇಲೆ ಎರಡು ಕುರ್ಚಿ ಹಾಕಿದ್ದೇನೆ. ಬೇಡ ಅಂದರೆ ಹೇಳು, ಇಳಿಸಿಬಿಡುತ್ತೇನೆ.

ಅಮ್ಮ