520 ಎಚ್‌ಪಿ ಅಂತ ಕೊಟ್ಟ ಡೈನೋ ಶೀಟು, ಚೆನ್ನೈನಲ್ಲಿ ಒಡೆದ ಪಿಸ್ಟನ್ನು: ದೂರು

ನಮಸ್ಕಾರ ಸರ್,

ಫೋನಲ್ಲಿ ಮೂರು ಸಲ ಮಾತಾಡಿದ್ದಾಯ್ತು, ವಾಟ್ಸಾಪಲ್ಲಿ ಫೋಟೋ, ಲಾಗ್ ಫೈಲು ಎಲ್ಲಾ ಕಳ್ಸಿದ್ದಾಯ್ತು, ನಿಮ್ಮ ಕಡೆಯಿಂದ "ನೋಡ್ತೀವಿ" ಅನ್ನೋದು ಬಿಟ್ರೆ ಏನೂ ಬರ್ಲಿಲ್ಲ, ಅದಕ್ಕೇ ಈಗ ಬರವಣಿಗೆಯಲ್ಲಿ ಕೊಡ್ತಾ ಇದೀನಿ. ಲ್ಯಾನ್ಸರ್ ಕಾರಿಗೆ ಹಾಕಿರೋ ನನ್ನ 4ಜಿ63 ಟರ್ಬೋ ಇಂಜಿನ್ನು ಬೆಂಗಳೂರಲ್ಲಿ ನಿಮ್ಮ ಹತ್ರ ಟ್ಯೂನಿಂಗ್ ಆದ 9ನೇ ದಿನಕ್ಕೆ ಚೆನ್ನೈ ಹತ್ರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಲ್ಲಿ ಮೂರನೇ ರನ್ನಲ್ಲೇ ಹೋಯ್ತು. ಗೇರ್ ಮಿಸ್ ಮಾಡಿ ಓವರ್ ರೆವ್ ಮಾಡಿರ್ತೀರ ಅಂತ ನಿಮ್ಮವರು ಫೋನಲ್ಲಿ ಅಂದ್ರು, ಲಾಗ್ ನೋಡಿದ್ರೆ ಆರ್‌ಪಿಎಂ ಒಂದು ಸಲಾನೂ ಲಿಮಿಟ್ ದಾಟಿಲ್ಲ. ತಪ್ಪು ನಿಮ್ಮ ಮ್ಯಾಪಲ್ಲಿದೆ, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್‌ಗೆ (ಇಸಿಯು) ನೀವು ತುಂಬಿದ ನಂಬರ್‌ಗಳಲ್ಲಿ. ದಯವಿಟ್ಟು ಪೂರ್ತಿ ಓದಿ.

ಗಾಡಿ ತಂದ ದಿನಾನೇ ಹೇಳಿದ್ದೆ, ಇದು ರೋಡಲ್ಲಿ ಓಡ್ಸೋ ಗಾಡಿ ಅಲ್ಲ, 402 ಮೀಟರ್ ನೇರ ಓಟದ ಡ್ರ್ಯಾಗ್ ರೇಸ್‌ಗೆ ಅಂತಾನೇ ಕಟ್ಟಿರೋದು, ಓಡೋದು ಚೆನ್ನೈನಲ್ಲಿ ಅಂತ. ಎಸ್ಟಿಮೇಟ್ ಹಾಳೆ ಮೇಲೆ ನಿಮ್ಮ ಹುಡುಗನೇ ಪೆನ್ನಲ್ಲಿ "ಚೆನ್ನೈ ಡ್ರ್ಯಾಗ್, 1.8 ಬಾರ್, ರೇಸ್ ಫ್ಯೂಯಲ್" ಅಂತ ಬರ್ದಿದಾನೆ (1.8 ಬಾರ್ ಅಂದ್ರೆ ಹೊರಗಿನ ಗಾಳಿ ಒತ್ತಡದ ಮೇಲೆ ಟರ್ಬೋ ಕೂಡಿಸೋ ಒತ್ತಡ, ಅದೇ ಬೂಸ್ಟು), ಆ ಹಾಳೆ ನನ್ನ ಹತ್ರ ಇದೆ. ಟ್ಯೂನಿಂಗು, ಡೈನೋ (ಗಾಡಿ ಪವರ್ ಅಳೆಯೋ ರೋಲರ್ ಮೆಷಿನ್ನು) ಬಾಡಿಗೆ, ಸೆನ್ಸರ್ ವೈರಿಂಗ್ ಎಲ್ಲಾ ಸೇರಿ 85,000 ರೂಪಾಯಿ ಕಟ್ಟಿದೀನಿ, ಬಿಲ್ ಇದೆ.

ಅವತ್ತು ಬೆಳಗ್ಗೆಯಿಂದ ಸಂಜೆವರೆಗೂ ನಾನು ಅಲ್ಲೇ ನಿಂತಿದ್ದೆ. ರೋಲರ್ ಮೇಲೆ ಗಾಡಿ ಹತ್ಸಿ, ಬೆಲ್ಟ್ ಬಿಗಿದು, ಮುಂದೆ ಫ್ಯಾನ್ ಇಟ್ಟು 14 ಪುಲ್ ತೆಗೆದ್ರಿ, ಅಂದ್ರೆ 14 ಸಲ ಫುಲ್ ಆಕ್ಸಿಲರೇಟರ್ ಕೊಟ್ಟು ಅಳೆದ್ರಿ. ಕೊನೇ ಪುಲ್ಲಲ್ಲಿ ಸ್ಕ್ರೀನ್ ಮೇಲೆ 520 ವೀಲ್ ಎಚ್‌ಪಿ (ಚಕ್ರಕ್ಕೆ ಸಿಗೋ ಪವರ್) ಬಂದಾಗ ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳ್ತಿಲ್ಲ ಸರ್, ಹಾಫ್ ಕಟ್ (ಹಳೇ ಗಾಡಿ ಕೊಯ್ದು ಇಂಜಿನ್ ಸಮೇತ ಮಾರೋ ಮುಂಭಾಗ) ತಂದು ನಾಲ್ಕು ವರ್ಷ ಸಂಬಳದಲ್ಲಿ ಉಳಿಸಿ ಉಳಿಸಿ ಕಟ್ಟಿದ ಇಂಜಿನ್ ಅದು. ನಾನೇ ಹೋಗಿ ಎಲ್ರಿಗೂ ಕಾಫಿ, ದೋಸೆ ತಂದ್ಕೊಟ್ಟೆ.

ಆ ಡೈನೋ ಶೀಟನ್ನ ಸರಿಯಾಗಿ ನೋಡಿದ್ದು ಇಂಜಿನ್ ಒಡೆದ ಮೇಲೆ. ಕೆಳಗಡೆ ಸಣ್ಣ ಅಕ್ಷರದಲ್ಲಿ ಗಾಳಿ ಒತ್ತಡ 910 ಮಿಲಿಬಾರ್, 30 ಡಿಗ್ರಿ, ಎಸ್‌ಎಇ ಕರೆಕ್ಷನ್ 1.14 ಅಂತ ಇದೆ. ಅಂದ್ರೆ ರೋಲರ್ ನಿಜವಾಗಿ ಅಳೆದಿದ್ದು 456, ಅದನ್ನ 1.14ರಿಂದ ಗುಣಿಸಿ 520 ಮಾಡಿದೀರ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಗಾಳಿ ತೆಳು, ಟರ್ಬೋ ಇಲ್ದಿರೋ ಇಂಜಿನ್ ಇಲ್ಲಿ ಪವರ್ ಕಳ್ಕೊಳ್ಳುತ್ತೆ, ಅದಕ್ಕೆ ಆ ಕರೆಕ್ಷನ್ ಸರಿ. ಆದ್ರೆ ಟರ್ಬೋ ಇಂಜಿನ್ ಹೊರಗಿನ ಗಾಳಿ ಎಷ್ಟು ಸಿಗುತ್ತೋ ಅಷ್ಟನ್ನೇ ಎಳ್ಕೊಂಡು ಸುಮ್ನಿರಲ್ಲ, ಟರ್ಬೈನ್ ಇನ್ನೂ ಜೋರಾಗಿ ತಿರುಗಿ ಆ ಕೊರತೆ ತುಂಬ್ಕೊಳ್ಳುತ್ತೆ. ಬೆಂಗಳೂರಲ್ಲಿ 1.8 ಬಾರ್ ಬೂಸ್ಟ್ ಅಂದ್ರೆ ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹೋಗೋ ಕೊಳವೆ) ಒಳಗೆ ಹೊರಗಿನ ಒತ್ತಡ 91 ಕೂಡಿಸು ಬೂಸ್ಟ್ 180, ಒಟ್ಟು 271 ಕೆಪಿಎ (ಕಿಲೋಪ್ಯಾಸ್ಕಲ್, 100 ಅಂದ್ರೆ 1 ಬಾರ್). ಚೆನ್ನೈನಲ್ಲಿ ಅದೇ 1.8 ಬಾರ್‌ಗೆ 101 ಕೂಡಿಸು 180, 281 ಕೆಪಿಎ. ನೂರಕ್ಕೆ 4ರಷ್ಟು ಕೂಡ ವ್ಯತ್ಯಾಸ ಇಲ್ಲ, ನೀವು 14 ಸೇರಿಸಿದೀರ. ಎರಡನೇ ರನ್ನಲ್ಲಿ ನನ್ನ ಜಿಪಿಎಸ್ ಲಾಗರ್ ಎಂಡ್ ಸ್ಪೀಡು 205 ಕಿಮೀ ತೋರಿಸ್ತು, ನನ್ನನ್ನೂ ಸೇರಿಸಿ ಗಾಡಿ 1250 ಕೆಜಿ, ತೂಕ ಮತ್ತೆ ಎಂಡ್ ಸ್ಪೀಡ್ ಇಟ್ಕೊಂಡು ಹಾಕೋ ಲೆಕ್ಕದಲ್ಲಿ 445 ಎಚ್‌ಪಿ ಆಸುಪಾಸು ಬರುತ್ತೆ. 456 ಅಂತಾನೇ ಹೇಳಿದ್ರೂ ನಾನು ಖುಷಿಯಾಗೇ ದುಡ್ಡು ಕೊಡ್ತಿದ್ದೆ ಸರ್, 1997 ಸಿಸಿ ಇಂಜಿನ್‌ಗೆ ಅದು ಕಮ್ಮಿ ಏನಲ್ಲ.

ನಂಬರ್ ವಿಷ್ಯ ಹೋಗ್ಲಿ, ಅದರಿಂದ ಇಂಜಿನ್ ಒಡೆಯಲ್ಲ. ನನಗೆ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಇಸಿಯು ಪಾಸ್‌ವರ್ಡ್ ಕೊಡೋಕೆ ಎರಡು ವಾರ ಸತಾಯಿಸಿದ್ರಿ, ಕೊಟ್ಟ ಮೇಲೆ ಮ್ಯಾಪ್ ಓಪನ್ ಮಾಡಿ ನೋಡ್ದೆ. ಇಗ್ನಿಷನ್ ಟೇಬಲ್ಲಲ್ಲಿ (ಪ್ಲಗ್ ಯಾವಾಗ ಕಿಡಿ ಹಾಕ್ಬೇಕು ಅನ್ನೋ ಪಟ್ಟಿ, ಡಿಗ್ರಿ ಜಾಸ್ತಿ ಆದಷ್ಟೂ ಕಿಡಿ ಬೇಗ) 270 ಕೆಪಿಎ ಸಾಲಿನವರೆಗೂ ನೀಟಾಗಿ ಕೆಲ್ಸ ಮಾಡಿದೀರ, ಫುಲ್ ಲೋಡಲ್ಲಿ 6200 ಆರ್‌ಪಿಎಂಗೆ 13 ಡಿಗ್ರಿ ಇದೆ. ಅದರ ಮೇಲಿನ 280ರ ಸಾಲಲ್ಲಿ ಅದೇ ಆರ್‌ಪಿಎಂಗೆ 20 ಡಿಗ್ರಿ! 290, 300 ಎಲ್ಲಾ ಹಾಗೇ. ಶುರುವಲ್ಲಿ ತುಂಬೋ ಬೇಸ್ ಮ್ಯಾಪಿನ ನಂಬರ್‌ಗಳು, ಯಾರೂ ಮುಟ್ಟೇ ಇಲ್ಲ. ಯಾಕೆ ಅಂದ್ರೆ ಬೆಂಗಳೂರಿನ ಡೈನೋ ಮೇಲೆ 1.8 ಬಾರಲ್ಲಿ ಗಾಡಿ ಆ ಸಾಲಿಗೆ ಹೋಗೋದೇ ಇಲ್ಲ, 271ಕ್ಕೇ ನಿಂತುಬಿಡುತ್ತೆ. ಚೆನ್ನೈನಲ್ಲಿ ನಿಮ್ಮ ಬೂಸ್ಟ್ ಕಂಟ್ರೋಲು ಹೊರಗಿನ ಒತ್ತಡದ ಮೇಲೆ ಅದೇ 1.8 ಹಾಕ್ತು, ಗಾಡಿ ಸೀದಾ ಆ ಮುಟ್ಟದಿರೋ ಸಾಲಿಗೆ ಹೋಗಿ ಕೂತ್ಕೊಳ್ತು. ಲಾಗಲ್ಲಿ ಸ್ಪಷ್ಟವಾಗಿದೆ, 281 ಕೆಪಿಎ, ಟೈಮಿಂಗ್ 20 ಡಿಗ್ರಿ, ಲ್ಯಾಂಬ್ಡಾ (ಗಾಳಿ-ಫ್ಯೂಯಲ್ ಅಳತೆ, ನಂಬರ್ ಜಾಸ್ತಿ ಆದಷ್ಟೂ ಫ್ಯೂಯಲ್ ಕಮ್ಮಿ, ಅಂದ್ರೆ ಲೀನು) 0.79 ಇರ್ಬೇಕಾದ್ದು 0.88. ಅಷ್ಟು ಅಡ್ವಾನ್ಸು, ಅಷ್ಟು ಲೀನು, ಮೇಲಿಂದ ಚೆನ್ನೈ ಬಿಸಿಲು, ನಾಕ್ (ಸಿಲಿಂಡರ್ ಒಳಗೆ ಫ್ಯೂಯಲ್ ತಾನಾಗೇ ಸಿಡಿಯೋದು, ಡೆಟೊನೇಷನ್ ಅಂತಾನೂ ಹೇಳ್ತಾರೆ) ಆಗ್ದೇ ಇನ್ನೇನಾಗುತ್ತೆ? ನಾಕ್ ಸೆನ್ಸರ್ ಹಾಕಿದೀರ, ವೈರ್ ಎಳೆದಿದೀರ, ಬಿಲ್ಲಲ್ಲೂ ಸೇರಿಸಿದೀರ, ಆದ್ರೆ ಇಸಿಯು ಒಳಗೆ ನಾಕ್ ಕಂಟ್ರೋಲ್ ಆಫ್ ಇದೆ. ಒತ್ತಡ ಮಿತಿ ದಾಟಿದ್ರೆ ಇಂಜಿನ್ ಕಟ್ ಮಾಡೋ ಓವರ್‌ಬೂಸ್ಟ್ ಕಟ್ 330 ಕೆಪಿಎಗೆ ಇಟ್ಟಿದೀರ. 275ಕ್ಕೆ ಇಟ್ಟಿದ್ರೂ ಸಾಕಿತ್ತು, ಮೊದಲ ಫುಲ್ ಬೂಸ್ಟ್ ರನ್ನಲ್ಲೇ ಗಾಡಿ ಕಟ್ ಆಗಿ ನಾನು ಬೈಕೊಂಡು ವಾಪಸ್ ಬರ್ತಿದ್ದೆ, ಇಂಜಿನ್ ಉಳೀತಿತ್ತು.

ಶೀಟಲ್ಲಿ ನಂಬರ್ ಏರ್ಸೋಕೆ ಬೆಂಗಳೂರಿನ ಎತ್ತರ ನಿಮಗೆ ನೆನಪಿತ್ತು, ಸಮುದ್ರಮಟ್ಟದ ಹತ್ರ ಓಡೋ ಗಾಡಿಗೆ ಮ್ಯಾಪ್ ಹಾಕುವಾಗ ನೆನಪಾಗ್ಲಿಲ್ಲ. ನಾಲ್ಕು ಸಾಲು ಸರ್. ನಾಲ್ಕು ಸಾಲಲ್ಲಿ ಟೈಮಿಂಗ್ ಇಳ್ಸಿ ಫ್ಯೂಯಲ್ ಏರ್ಸೋಕೆ ಐದು ನಿಮಿಷ ಸಾಕಾಗಿತ್ತು.

ಮೊದಲ್ನೇ ರನ್ 1.2 ಬಾರಲ್ಲಿ ಓಡ್ಸಿದ್ದೆ, ಏನೂ ತೊಂದ್ರೆ ಇರ್ಲಿಲ್ಲ. ಎರಡನೇದು ಫುಲ್ ಬೂಸ್ಟ್. ಮೂರನೇದ್ರಲ್ಲಿ ಥರ್ಡ್ ಗೇರ್ ಹಾಕ್ತಿದ್ದ ಹಾಗೇ ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡ್ಸಿದ ಥರ ಸದ್ದು, ಮಿರರಲ್ಲಿ ನೋಡಿದ್ರೆ ಬರೀ ನೀಲಿ ಹೊಗೆ. ಆಯಿಲ್ ಹಿಡಿಯೋ ಕ್ಯಾಚ್ ಕ್ಯಾನ್ ತುಂಬಿ ಬಾನೆಟ್ ಒಳಗೆಲ್ಲಾ ಆಯಿಲ್ ಚೆಲ್ಲಿತ್ತು. ನಾಲ್ಕು ಸಿಲಿಂಡರ್‌ದೂ ಕಂಪ್ರೆಷನ್ (ಒಳಗಿನ ಒತ್ತಡ) ನೋಡಿದ್ರೆ 150, 150, 40, 155. ಮೂರನೇ ಸಿಲಿಂಡರ್ ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿ ಮೇಲೆ ಸಾಸಿವೆಗಿಂತ ಚಿಕ್ಕ ಚಿಕ್ಕ ಬೂದು ಚುಕ್ಕೆಗಳು, ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಹೆಡ್ ಇಳ್ಸಿ ಪಿಸ್ಟನ್ ಹೊರಗೆ ತೆಗೆದ್ರೆ ಮೊದಲ ರಿಂಗಿಗೂ ಎರಡನೇ ರಿಂಗಿಗೂ ಮಧ್ಯ ಬೆರಳುಗುರಿನಷ್ಟು ಅಗಲದ ತುಂಡು ಇಲ್ಲ, ಬೋರ್ ಗೋಡೆ ಮೇಲಿಂದ ಕೆಳಗೆ ಗೀಚಿದೆ. ಮೆಷಿನ್ ಶಾಪ್ ಅವರು ನೋಡಿ ಡೆಟೊನೇಷನ್ ಅಂತಾನೇ ಬರ್ದು ಕೊಟ್ಟಿದಾರೆ, ಅದರ ಕಾಪಿ ಇದರ ಜೊತೆ ಇಟ್ಟಿದೀನಿ.

ನಾನು ಕೇಳ್ತಿರೋದು ಇಷ್ಟು. ಕಟ್ಟಿದ 85,000 ಪೂರ್ತಿ ವಾಪಸ್ ಬೇಕು. ಪಿಸ್ಟನ್ ಸೆಟ್, ಬೋರಿಂಗ್, ಗ್ಯಾಸ್ಕೆಟ್, ಬೇರಿಂಗು, ಲೇಬರ್ ಎಲ್ಲಾ ಸೇರಿ ಎಸ್ಟಿಮೇಟ್ 2,40,000 ಬಂದಿದೆ, ಅದನ್ನ ನೀವು ಕೊಡ್ಬೇಕು. 14 ಪುಲ್ಲಿನ ಕರೆಕ್ಷನ್ ಇಲ್ದಿರೋ ಒರಿಜಿನಲ್ ಡೈನೋ ಫೈಲೂ ಬೇಕು, ಬರೀ ಪ್ರಿಂಟ್ ಬೇಡ. ಗಾಡಿ ಇನ್ನೊಂದು ಸಲ ತಗೊಂಡು ಬನ್ನಿ, ಫ್ರೀಯಾಗಿ ಟ್ಯೂನ್ ಮಾಡ್ಕೊಡ್ತೀವಿ ಅಂದ್ರಲ್ಲ, ಅದು ಬೇಡ. ಇದು ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ, ಇಲ್ಲಾಂದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ತೀನಿ, 1915 ಸಹಾಯವಾಣಿಗೆ ಈಗಾಗ್ಲೇ ಫೋನ್ ಮಾಡಿ ಕೇಳ್ಕೊಂಡಿದೀನಿ. ಅಲ್ಲಿವರೆಗೂ ಎಳೆಯೋ ಆಸೆ ನನಗೂ ಇಲ್ಲ.

ಇನ್ನೊಂದು ಮಾತು, ನಿಮ್ಮಲ್ಲಿ ಟ್ಯೂನ್ ಮಾಡ್ಸಿ ಚೆನ್ನೈಗೆ ಹೋಗೋ ಗಾಡಿ ನಂದೊಂದೇ ಅಲ್ಲ. ಬೇರೆ ಯಾರಿಗೆ ಈ ಬೇಸ್ ಮ್ಯಾಪ್ ಹಾಕಿದೀರೋ ಅವ್ರಿಗೆ ಇವತ್ತೇ ಫೋನ್ ಮಾಡಿ ಮೇಲಿನ ಸಾಲುಗಳನ್ನ ಸರಿ ಮಾಡ್ಸಿ, ನನ್ನ ದುಡ್ಡಿನ ವಿಷ್ಯ ಆಮೇಲೆ ಮಾತಾಡೋಣ.

ಒಡೆದ ಪಿಸ್ಟನ್ನು, ಪ್ಲಗ್ಗು, ರಿಂಗು ಎಲ್ಲಾ ಒರೆಸ್ದೇ ತೊಳೀದೇ ಹಾಗೇ ಒಂದು ಡಬ್ಬಿಯಲ್ಲಿ ಎತ್ತಿಟ್ಟಿದೀನಿ. ನಿಮ್ಮ ಟ್ಯೂನರ್ ಲ್ಯಾಪ್‌ಟಾಪ್ ಹಿಡ್ಕೊಂಡು ಬರ್ಲಿ, ಭಾನುವಾರ ಇಡೀ ದಿನ ನಾನು ಗ್ಯಾರೇಜಲ್ಲೇ ಇರ್ತೀನಿ, ಲಾಗ್ ಪಕ್ಕದಲ್ಲಿ ಮ್ಯಾಪ್ ಇಟ್ಕೊಂಡು ಇಬ್ರೂ ಕೂತು ನೋಡೋಣ.

ಇಂತಿ,
ಲ್ಯಾನ್ಸರ್ 4ಜಿ63 ಗಾಡಿಯ ಮಾಲೀಕ