ಮನೆ ಕೊಡುವಾಗ ಅಲ್ಲ, ಮಕ್ಕಳ ಹತ್ತಿರ ಕೆಲಸ ಕೊಡುವಾಗ ನೋಡಿ

ಸಂಪಾದಕರಿಗೆ ನಮಸ್ಕಾರ,

ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾನೂನು) ಕೇಸಲ್ಲಿ ಶಿಕ್ಷೆ ಆದವರು ಜೈಲಿಂದ ಹೊರಗೆ ಬಂದ ಮೇಲೆ ಶಾಲೆ, ಅಂಗನವಾಡಿ ಹತ್ತಿರ ಇರಬಾರದು, ಅಂಥವರಿಗೆ ಯಾರೂ ಬಾಡಿಗೆಗೆ ಮನೆ ಕೊಡಬಾರದು, ಅಮೆರಿಕದ ಹಾಗೆ ಇಲ್ಲೂ ಕಾನೂನು ಬರ್ಬೇಕು ಅಂತ ನಮ್ಮ ಪೋಷಕರ ಗ್ರೂಪಲ್ಲಿ ಮಾತು ಜೋರುಂಟು. ಇಬ್ಬರು ಸಣ್ಣ ಮಕ್ಕಳ ತಾಯಿ ನಾನು, ಆ ಹೆದರಿಕೆ ನನಗೂ ಉಂಟು. ಆದ್ರೆ ಆ ಕಾನೂನಿಂದ ಅಲ್ಲಿ ಎಂತ ಆಯ್ತು ಅಂತಲೂ ನೋಡ್ಬೇಕಲ್ಲ.

ಫ್ಲೋರಿಡಾದ ಮಯಾಮಿ ಕಡೆ ಶಾಲೆಯಿಂದ 2500 ಅಡಿ ದೂರ ಇರ್ಬೇಕು ಅಂತ ನಿಯಮ ಮಾಡಿದ್ರು, ಊರೊಳಗೆ ಮನೆಯೇ ಸಿಗದೆ ಅಂಥವರು ಎಷ್ಟೋ ಮಂದಿ ಜೂಲಿಯಾ ಟಟಲ್ ಕಾಸ್‌ವೇ ಅನ್ನುವ ಸೇತುವೆ ಅಡಿಯಲ್ಲಿ ಟೆಂಟ್ ಹಾಕಿ ಕೂತ್ರು, 2010ರಲ್ಲಿ ಅಲ್ಲಿಂದಲೂ ಎಬ್ಬಿಸಿದ್ರು. ಅಯೋವಾದಲ್ಲಿ 2000 ಅಡಿ ಅಂತ ಇತ್ತು, ಇದರಿಂದ ಮಕ್ಕಳಿಗೆ ರಕ್ಷಣೆ ಸಿಗ್ತಾ ಇಲ್ಲ ಅಂತ ಅಲ್ಲಿನ ಸರಕಾರಿ ವಕೀಲರೇ ಹೇಳಿ 2009ರಲ್ಲಿ ಸಡಿಲ ಮಾಡಿದ್ರು. ಮಿನೆಸೋಟಾದ ಜೈಲು ಇಲಾಖೆ ಬಿಡುಗಡೆ ಆದ ಮೇಲೆ ಮತ್ತೆ ಅದೇ ಥರದ ಅಪರಾಧ ಮಾಡಿದ 224 ಮಂದಿಯ ಕೇಸು ತೆಗೆದು ನೋಡಿತು, 2007ರ ವರದಿ ಅದು, ಮನೆ ದೂರ ಇರ್ಬೇಕು ಅನ್ನುವ ನಿಯಮ ಇದ್ದಿದ್ರೆ ಅದರಲ್ಲಿ ಒಂದಾದ್ರೂ ತಪ್ಪುತ್ತಿತ್ತಾ ಅಂದ್ರೆ ಇಲ್ಲ, ಒಂದೂ ಇಲ್ಲ.

2000 ಅಡಿ ಅಂದ್ರೆ 600 ಮೀಟರ್. ನಮ್ಮ ಮಂಗಳೂರಿನ ಬೆಂದೂರು, ಕೊಡಿಯಾಲ್‌ಬೈಲ್, ಕದ್ರಿ, ಜೆಪ್ಪು ಕಡೆ ಅಷ್ಟರೊಳಗೆ ಶಾಲೆ ಇಲ್ಲದ ಜಾಗ ಹುಡುಕಿ ನೋಡಿ. ಇಲ್ಲಿಂದ ಓಡಿಸಿದವ ಬಂಟ್ವಾಳದಲ್ಲೋ ಬೆಳ್ತಂಗಡಿಯಲ್ಲೋ ಯಾವುದಾದ್ರೂ ಮೂಲೆಗೆ ಹೋಗಿ ಕೂರ್ತಾನೆ, ಅಲ್ಲಿ ಮಕ್ಕಳಿಲ್ಲವಾ? ಅವರು ಗುಡ್ಡೆ, ತೋಟದ ದಾರಿಯಲ್ಲಿ ನಡೆದುಕೊಂಡೇ ಶಾಲೆಗೆ ಹೋಗುದು.

ನಿಜ ಸಂಗತಿ ಏನಂದ್ರೆ ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿ ಲೆಕ್ಕದಲ್ಲೇ ಮಕ್ಕಳ ಮೇಲಿನ ಅತ್ಯಾಚಾರದ ಕೇಸುಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚಲ್ಲಿ ಆರೋಪಿ ಮಗುವಿಗೆ ಗೊತ್ತಿದ್ದವನೇ. ಸಂಬಂಧಿಕ, ಪಕ್ಕದ ಮನೆಯವ, ವ್ಯಾನ್ ಡ್ರೈವರ್, ಟ್ಯೂಷನ್ ಮಾಷ್ಟ್ರು. ಅವ ರಾತ್ರಿ ಎಲ್ಲಿ ಮಲಗ್ತಾನೆ ಅನ್ನುದಕ್ಕಿಂತ ಹಗಲು ಯಾವ ಮಕ್ಕಳ ಜೊತೆ ಒಬ್ಬನೇ ಇರ್ತಾನೆ ಅನ್ನುದೇ ಮುಖ್ಯ ಅಲ್ಲವಾ? ಅದಕ್ಕೆ ಹೊಸ ಕಾನೂನೂ ಬೇಡ. 2020ರ ಪೋಕ್ಸೋ ನಿಯಮದಲ್ಲೇ ಬರೆದಿದ್ದಾರೆ, ಶಾಲೆ, ಶಿಶುವಿಹಾರ, ಸ್ಪೋರ್ಟ್ಸ್ ಅಕಾಡೆಮಿ ಹೀಗೆ ಮಕ್ಕಳು ಬರುವ ಎಲ್ಲಾ ಕಡೆ ಟೀಚರ್ ಇರಲಿ, ಕಾಂಟ್ರ್ಯಾಕ್ಟ್ ಕೆಲಸದವರಿರಲಿ, ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿಯೊಬ್ಬರದ್ದೂ ಆಗಾಗ ಪೊಲೀಸ್ ವೆರಿಫಿಕೇಶನ್ ಆಗ್ಬೇಕು ಅಂತ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಡೇಟಾಬೇಸ್ 2018ರಿಂದ ಉಂಟು, ಅದು ಪೊಲೀಸರಿಗೆ ಮಾತ್ರ ಸಿಗುದು, ಹಾಗಾಗಿ ಅವರೇ ನೋಡಿ ಹೇಳ್ಬೇಕು. ಮಗಳನ್ನು ಕರಾಟೆಗೆ ಸೇರಿಸುವಾಗ ನಾನು ಕೇಳಿದೆ, ವೆರಿಫಿಕೇಶನ್ ಮಾಡಿಸಿದ್ದೀರಾ ಅಂತ. "ಎಲ್ಲ ನಮ್ಮ ಪರಿಚಯದವರೇ ಮೇಡಂ" ಅಂದ್ರು! ಕೇಳಿದ್ದಕ್ಕೆ ಬೇರೆ ಪೋಷಕರೂ ನನ್ನನ್ನೇ ಒಂಥರಾ ನೋಡಿದ್ರು.

ಒಂದು ಕಡೆ ಮಾತ್ರ ದೂರ ಬೇಕೇ ಬೇಕು. ಜಾಮೀನಲ್ಲೋ ಶಿಕ್ಷೆ ಮುಗಿಸಿಯೋ ಬಂದವ ಅದೇ ಮಗುವಿನ ಪಕ್ಕದ ಮನೆಗೆ ವಾಪಸ್ ಬಂದ್ರೆ ಆ ಮಗು ಅಂಗಳಕ್ಕೆ ಇಳಿಯುದು ಹೇಗೆ, ಬಸ್ ಸ್ಟ್ಯಾಂಡಲ್ಲಿ ನಿಲ್ಲುದು ಹೇಗೆ, ಕೊನೆಗೆ ಊರು ಬಿಡ್ಬೇಕಾದ್ದು ಮಗುವಿನ ಮನೆಯವರಾ? ಆರೋಪಿಗೆ ಜಾಮೀನು, ಬಿಡುಗಡೆ ಆದ್ರೆ ಮಗುವಿನ ಮನೆಯವರಿಗೆ ತಿಳಿಸ್ಬೇಕು ಅಂತ ಅದೇ 2020ರ ನಿಯಮದಲ್ಲಿ ಉಂಟು. ರೌಡಿಗಳನ್ನು ಗಡಿಪಾರು ಮಾಡುದು ನಮ್ಮ ಜಿಲ್ಲೆಗೆ ಹೊಸದಲ್ಲ, ಹಾಗೆಯೇ ಆ ಮಗುವಿನ ಮನೆ, ಶಾಲೆಯಿಂದ ಇವನನ್ನು ದೂರ ಇಡುವ ಶರತ್ತನ್ನು ಜಾಮೀನು ಕೊಡುವಾಗಲೇ ಹಾಕಿ ಅಂತ ಸರಕಾರಿ ವಕೀಲರು ಕೋರ್ಟಲ್ಲಿ ಪ್ರತೀ ಸಲ ಕೇಳ್ಬೇಕು.

ಮತ್ತೆ ಆರೋಪಿಯ ಫೋಟೋ, ಊರು ಎಲ್ಲ ವಾಟ್ಸಾಪಲ್ಲಿ ಹಾಕುವವರು ದಯವಿಟ್ಟು ನಿಲ್ಲಿಸಿ, ಅವ ಮಗುವಿನ ಮಾವನೋ ಚಿಕ್ಕಪ್ಪನೋ ಆಗಿದ್ರೆ ಮಗುವಿನ ಗುರುತೇ ಊರಿಗೆಲ್ಲ ಗೊತ್ತಾಗ್ತದೆ, ಅದು ಕೂಡ ಅಪರಾಧ.

ನಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಬಿಇಒ ಆಫೀಸು ಮತ್ತು ಪೊಲೀಸ್ ಕಮಿಷನರ್ ಹತ್ತಿರ ಕೇಳುದು ಇಷ್ಟೇ, ಮುಂದಿನ ವರ್ಷದ ಶಾಲೆ ಶುರುವಾಗುವ ಮೊದಲು ಮಂಗಳೂರಿನ ಪ್ರತಿ ಶಾಲೆ, ಹಾಸ್ಟೆಲ್, ವ್ಯಾನ್, ಟ್ಯೂಷನ್, ಡ್ಯಾನ್ಸ್, ಈಜು, ಯಕ್ಷಗಾನ ಕ್ಲಾಸುಗಳ ವೆರಿಫಿಕೇಶನ್ ಆಗಿದೆಯಾ ಇಲ್ಲವಾ ಅಂತ ಪಟ್ಟಿ ಮಾಡಿ ಪೋಷಕರಿಗೆ ಕಾಣುವ ಹಾಗೆ ನೋಟಿಸ್ ಬೋರ್ಡಲ್ಲಿ ಹಾಕಿ.

– ಒಬ್ಬ ತಾಯಿ, ಬಿಜೈ, ಮಂಗಳೂರು