ಯಾರು ಏನು ಮಾಡ್ತಿದಾರೆ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಗೆಳೆಯ,

ನಮ್ಮ ಹತ್ತನೇ ಕ್ಲಾಸಿನವರೆಲ್ಲ ಈಗ ಏನು ಮಾಡ್ತಿದಾರೆ ಅಂತ ನೀನು ದುಬೈನಿಂದ ಫೋನಲ್ಲಿ ಕೇಳಿದ್ದೆ. ನಾನು ಸುಮ್ನೆ "ಎಲ್ಲ ಚೆನ್ನಾಗಿದಾರೆ ಕಣೋ" ಅಂದುಬಿಟ್ಟೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಇಬ್ಬರು ಮೇಷ್ಟ್ರಾದರು, ಒಬ್ಬ ಪೊಲೀಸ್, ಐದಾರು ಜನ ಬೆಂಗಳೂರು ಸೇರಿದರು. ಶಿಡ್ಲಘಟ್ಟದಲ್ಲೇ ಉಳಿದವರಿಗೆಲ್ಲ ಒಂದಲ್ಲ ಒಂದು ದಾರಿಯಲ್ಲಿ ಆ ರೇಷ್ಮೆ ಹುಳವೇ ಅನ್ನ ಹಾಕುತ್ತಿದೆ.

ನಿಮ್ಮದು ಅಂಗಡಿ ಮನೆ. ನೀನು ಹುಳದ ಮನೆಯೊಳಗೆ ಕಾಲಿಟ್ಟವನೇ ಅಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಅಪ್ಪನ ಎರಡು ಎಕರೆ ಹಿಪ್ಪುನೇರಳೆ ಈಗ ನಂದೇ. ಸಲಕ್ಕೆ 100 ಮೊಟ್ಟೆ ಸಾಕ್ತೀನಿ. ನಗಬೇಡ, ಒಂದು ಚಿಟ್ಟೆ ಇಟ್ಟಿದ್ದಷ್ಟೂ ಸೇರಿ ಒಂದು ಮೊಟ್ಟೆ ಅಂತ ಲೆಕ್ಕ. ಹುಳ ಎಣಿಸಿದರೆ 40,000 ದಾಟುತ್ತದೆ. ಹುಳ ಸೊಪ್ಪು ಬಿಟ್ಟು ಮಲಗಿ ಪೊರೆ ಕಳಚೋದಕ್ಕೆ ಜ್ವರ ಅಂತೀವಿ. ನಾಲ್ಕು ಜ್ವರ ಎದ್ದ ಮೇಲೆ ಅವು ಸೊಪ್ಪು ತಿನ್ನೋ ರೀತಿ ನೋಡಬೇಕು. ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಕೊನೆಯ ವಾರಕ್ಕೇ ಬೇಕು. ಹೋದ ವರ್ಷ ಸರಿಯಾಗಿ ಆಗಲೇ ಹಾಲುತೊಂಡೆ ರೋಗ ಬಂತು. ಮುಟ್ಟಿದರೆ ಚರ್ಮ ಒಡೆದು ಹಾಲಿನ ಥರ ಸೋರುತ್ತದೆ. ಮಂಕರಿಗಟ್ಟಲೆ ಗುಂಡಿಗೆ ಸುರಿದು ಸುಣ್ಣ ಚೆಲ್ಲಿದೆ. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೇದರ ಬೀದಿಯ ನಮ್ಮ ಕುಳ್ಳ ನೆನಪಿದಾನಾ? ಅವನ ಮನೆಯಲ್ಲಿ ಬಿದಿರಿನ ಚಂದ್ರಿಕೆ ಹೆಣೀತಿದ್ದರು. ಹಣ್ಣಾದ ಹುಳವನ್ನು ಗೂಡು ಕಟ್ಟೋಕೆ ಅದರ ಮೇಲೇ ಬಿಡೋದು. ಈಗ ಪ್ಲಾಸ್ಟಿಕ್ ನೇತ್ರಿಕೆ ಬಂದಿದೆ, ಚಂದ್ರಿಕೆ ಕೇಳೋರು ಕಮ್ಮಿ. ಕುಳ್ಳ ಟೆಂಪೋ ತಗೊಂಡು ಬೆಳಗಿನ ಜಾವ ನಮ್ಮ ಗೂಡನ್ನೇ ಮಾರುಕಟ್ಟೆಗೆ ಸಾಗಿಸ್ತಾನೆ.

ನಿನ್ನ ಪಕ್ಕ ಕೂತು ಗಣಿತ ಕಾಪಿ ಮಾಡ್ತಿದ್ದವನು ಈಗ ರೀಲರ್, ಅಂದರೆ ಗೂಡು ಕೊಂಡು ನೂಲು ಬಿಚ್ಚಿಸೋನು. ಹರಾಜಿನಲ್ಲಿ ಗೂಡನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಮೊಬೈಲಲ್ಲಿ ರೇಟು ಒತ್ತುತ್ತಾನೆ. ಒಳಗಿನ ಹುಳ ಗಟ್ಟಿಯಾಗಿ ಸದ್ದು ಮಾಡಬೇಕು. ನನ್ನ ಲಾಟಿಗೂ ಅವನೇ ಕೂಗಿದ್ದುಂಟು. ಸ್ನೇಹ ಅಂತ ಒಂದು ರೂಪಾಯಿ ಜಾಸ್ತಿ ಹಾಕಿದವನಲ್ಲ! ರೇಟು ಬರಲಿ ಅಂತ ಗೂಡನ್ನು ಇಟ್ಟುಕೊಂಡು ಕಾಯೋಕೂ ಆಗಲ್ಲ. ಹತ್ತು ಹನ್ನೆರಡು ದಿನದಲ್ಲಿ ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬಂದರೆ ಎಳೆ ತುಂಡು ತುಂಡು. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಆದರೆ ಚೀನಾ ರೇಷ್ಮೆ ಅಗ್ಗಕ್ಕೆ ಬಂದಾಗ ಅವನ ಮುಖವನ್ನೂ ನೋಡೋಕಾಗಲ್ಲ.

ಅವನ ಬಿಚ್ಚಾಣಿಕೆ ಘಟಕಕ್ಕೆ ಹೋದಾಗ ನಮ್ಮ ಕ್ಲಾಸ್ ಲೀಡರ್ ಸಿಕ್ಕಿದಳು. ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೀತಿದ್ದಳಲ್ಲ, ಅವಳೇ. ಬಿಸಿನೀರಿನ ತೊಟ್ಟಿ ಮುಂದೆ ಕೂತಿದ್ದಳು. ಬೆಂದ ಗೂಡುಗಳು ನೀರಲ್ಲಿ ಕುಣೀತಿರುತ್ತವೆ. ಎಂಟು ಹತ್ತು ಗೂಡಿನ ಎಳೆ ಸೇರಿದರೆ ಒಂದು ನೂಲು. ಒಂದು ಎಳೆ ಕಡಿದರೂ ನೂಲು ತೆಳುವಾಗುತ್ತದೆ. ಎಲ್ಲಿ ಕಡೀತು ಅಂತ ನನಗೆ ಕಾಣಲೇ ಇಲ್ಲ, ಅವಳ ಬೆರಳಿಗೆ ಕಂಡಿತ್ತು. ಹೊಸ ಎಳೆ ಹಿಡಿದು ಹಾಗೇ ಬೀಸಿದಳು, ಓಡುತ್ತಿದ್ದ ನೂಲಿಗೆ ಅಂಟಿಕೊಂಡಿತು. ಒಳ್ಳೆ ಬಿಳಿ ಗೂಡೊಂದರಲ್ಲಿ ಸುಮಾರು 1 ಕಿಲೋಮೀಟರ್ ಎಳೆ ಇರುತ್ತೆ ಕಣೋ. ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿ, ಅಲ್ಲಲ್ಲಿ ಚರ್ಮ ಎದ್ದಿತ್ತು. "ರಾತ್ರಿ ಸಾರಿನ ಅನ್ನ ಕಲಸಿದರೆ ಉರಿಯುತ್ತೆ, ಸ್ಪೂನಲ್ಲಿ ತಿಂತೀನಿ, ದೊಡ್ಡ ಮನುಷ್ಯರ ಥರ" ಅಂತ ನಕ್ಕಳು. ನಾಲ್ಕು ಜ್ವರ ಕಾದ ನನ್ನ ಕೆಲಸವೇ ಕಷ್ಟದ್ದು ಅಂದುಕೊಂಡಿದ್ದೆ. ಅವತ್ತಿನಿಂದ ಆ ಮಾತು ಆಡಿಲ್ಲ. ಅವಳ ರೇಷನ್ ಕಾರ್ಡಿನಲ್ಲಿ ಕಸುಬು ಅಂತ ಏನು ಬರೆದಿದೆ ಗೊತ್ತಾ? ಗೃಹಿಣಿ.

ನೂಲು ಬಿಚ್ಚಿದ ಮೇಲೆ ಉಳಿಯೋ ಹುಳವನ್ನೂ ಬಿಡಲ್ಲ. ಎಣ್ಣೆಗೆ, ಮೀನಿನ ಮೇವಿಗೆ ಹೋಗುತ್ತದೆ. ಆ ವ್ಯಾಪಾರ ಮಾಡೋನು ನಮ್ಮ ಕ್ಲಾಸಿನವನೇ. ಹೆಸರು ಹೇಳಲ್ಲ, ಅವನ ಸ್ಕೂಟರ್ ಬಂದರೆ ಮೂಗಿಗೇ ಗೊತ್ತಾಗುತ್ತೆ.

ಯಾರು ಸೆಟಲ್ ಆದರು ಅಂತಲೂ ಕೇಳಿದ್ದೆ. ಬೆಳಗ್ಗೆ ಗೂಡಿನ ರೇಟು ನೋಡಿ ಹೇಳಬೇಕು ಮಾರಾಯ.

ಈಗ ಸೊಪ್ಪು ಹಾಕೋ ಹೊತ್ತಾಯಿತು, ಹುಳ ನಿನ್ನೆ ನಾಲ್ಕನೇ ಜ್ವರ ಎದ್ದಿದೆ. ರಜಕ್ಕೆ ಬಂದಾಗ ತೋರಿಸ್ತೀನಿ. ಆದರೆ ಅವತ್ತು ಆ ದುಬೈ ಸೆಂಟು ಹಾಕ್ಕೊಂಡು ಬರಬೇಡ, ಹುಳದ ಮನೆ ಬಾಗಿಲಲ್ಲೇ ಅಮ್ಮ ತಡೀತಾಳೆ.

ನಿನ್ನ ಗೆಳೆಯ